ಪೈಲ್ವಾನನ ಅಪ್ಪನ ಪಾಲು

ಮಗ ಒಲಿಂಪಿಕ್ಸ್‌ನಲ್ಲಿ ಗೆದ್ದ ಎರಡು ಪದಕಗಳಲ್ಲೂ ಅರ್ಧ ತನ್ನದು ಎಂದು ದೋಬ್ರಾ ಅಜ್ಜಿ ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತಿದ್ದಳು. ಅದು ಸುಳ್ಳೂ ಅಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಮಗ ಪಾಂತೆಲೇ ಪಕ್ಕದೂರಿನ ಕುಸ್ತಿಯಲ್ಲಿ ಗೆದ್ದ ಟಗರನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದಿದ್ದ. ಅವನ ಬೆನ್ನಿಗೇ ಗಾನೆವ್ ಎಂಬ ತರಬೇತುದಾರನೂ ಬಂದಿದ್ದ.

"ಅಕ್ಕಾ, ಪಟ್ಟು ನಾನು ಕಲಿಸ್ತೀನಿ. ಹೊಟ್ಟೆ ಕಡೆ ನೀವು ನೋಡ್ಕೊಳ್ಳಿ" ಎಂದಿದ್ದ ಗಾನೆವ್.

ಅಕ್ಕ ನೋಡಿಕೊಂಡಳು. ಆಗೆಲ್ಲ ಹೆವಿವೇಯ್ಟ್ ಪೈಲ್ವಾನರಿಗೆ ತೂಕಕ್ಕೆ ಮೇಲ್ಮಿತಿ ಎಂಬುದೇ ಇರಲಿಲ್ಲ. ಸಣ್ಣ ತೂಕದ ಹುಡುಗರು ಕುಸ್ತಿಯ ಹಿಂದಿನ ದಿನ ನೀರೂ ಕುಡಿಯದೆ ಹಪ್ಪಳದ ಹಾಗೆ ಒಣಗುತ್ತಿದ್ದರೆ, ಪಾಂತೆಲೇ ಅವರ ಎದುರೇ ಕೂತು ಇಡೀ ಕೋಳಿ ಮುಗಿಸುತ್ತಿದ್ದ. ದೋಬ್ರಾಳ ಗಂಡ ಸ್ತೋಯ್ಕೋ ಬದುಕಿದ್ದಷ್ಟು ದಿನ ತನ್ನ ತಟ್ಟೆಯ ಮಾಂಸವನ್ನು ಸದ್ದಿಲ್ಲದೆ ಮಗನ ತಟ್ಟೆಗೆ ತಳ್ಳಿ, ತಾನು ರೊಟ್ಟಿಯನ್ನು ಮೊಸರಿಗೆ ಅದ್ದಿಕೊಂಡು ತಿಂದು ಏಳುತ್ತಿದ್ದ. ಮಾಂಟ್ರಿಯಲ್‌ನಲ್ಲಿ ಕಂಚು ಬಂತು, ಮಾಸ್ಕೋದಲ್ಲಿ ಬೆಳ್ಳಿ. ಚಿನ್ನ ಲಾಸ್ ಏಂಜಲೀಸ್‌ನಲ್ಲಿ ಎಂದು ಊರೆಲ್ಲ ಕಾಯುತ್ತಿದ್ದಾಗ ದೊಡ್ಡ ದೊಡ್ಡ ದೇಶಗಳು ಒಂದರ ಮೇಲೊಂದು ಮುನಿಸಿಕೊಂಡವು. ಮಾಸ್ಕೋದ ದೊಡ್ಡಣ್ಣ ಹೋಗಲ್ಲ ಅಂದ, ನಾವೂ ಹೋಗಲ್ಲ ಅಂದೆವು. ಆ ಬೇಸಿಗೆ ಪೂರ್ತಿ ಪಾಂತೆಲೇ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ತಿಂದ, ತಾಯಿ ಬಡಿಸಿದಳು. ದುಃಖಕ್ಕೆ ಆಕೆಗೆ ಗೊತ್ತಿದ್ದ ಮದ್ದು ಅದೊಂದೇ.

ಗಾಯದ ಮೇಲೆ ಬರೆ ಎಳೆದಂತೆ ಹೊಸ ನಿಯಮವೊಂದು ಬಂತು. ಹೆವಿವೇಯ್ಟ್ ಆದರೂ ನೂರಮೂವತ್ತು ಕಿಲೋ ದಾಟುವಂತಿಲ್ಲ.

"ಇದನ್ನ ಬರೆದೋನಿಗೆ ತಾಯಿ ಇಲ್ಲ, ಇದ್ರೂ ಅವಳಿಗೆ ಅಡುಗೆ ಬರಲ್ಲ" ಎಂದು ದೋಬ್ರಾ ತೀರ್ಪು ಕೊಟ್ಟಳು.

ಈಗ ಸೋಲ್ ಒಲಿಂಪಿಕ್ಸ್. ಮಂಡಿ ನೋವು, ನೆರೆಗೂದಲು, ಎಲ್ಲ ಸೇರಿ ಪಾಂತೆಲೇಗೆ ಇದೇ ಕೊನೆಯದೆಂದು ಎಲ್ಲರಿಗೂ ಗೊತ್ತಿತ್ತು. ತಂಡದಲ್ಲಿದ್ದ ಒಂದೇ ಜಾಗಕ್ಕೆ ಪೈಪೋಟಿಗೆ ಬಂದಿದ್ದ ಎಳೆಯ ಕ್ರಸ್ತ್ಯುವನ್ನು ಅವನು ಆಗಲೇ ಚಿತ್ ಮಾಡಿದ್ದ. ಇನ್ನು ಉಳಿದದ್ದು ತೂಕ. ಜುಲೈ ತಿಂಗಳ ಆ ಗುರುವಾರ ಬೆಳಿಗ್ಗೆ ಪಟ್ಟಣದಲ್ಲಿ ಸಮಿತಿಯವರ ಮುಂದೆ ತಕ್ಕಡಿ ಹತ್ತಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಕ್ರಸ್ತ್ಯು ವಿಮಾನ ಹತ್ತುತ್ತಾನೆ.

ಬುಧವಾರವೋ, ಸಂತ ಪಾಂತೆಲೇಯ ದಿನ, ಅಂದರೆ ಮಗನ ಹೆಸರಿನ ಹಬ್ಬ. ಅವತ್ತು ಹೊಲಕ್ಕಿಳಿದರೆ ಸಿಡಿಲು ಹೊಡೆಯುತ್ತದೆಂದು ನಮ್ಮ ಕಡೆ ಯಾರೂ ಕುಡುಗೋಲು ಮುಟ್ಟುವುದಿಲ್ಲ. ಕೆಲಸವಿಲ್ಲದ ಊರು ಎಲ್ಲಿಗೆ ಹೋಗಬೇಕು? ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಂದವರನ್ನು ಹಾಗೇ ಕಳಿಸುವ ಪದ್ಧತಿಯೂ ಇಲ್ಲ. ಹೆಸರಿನವನು ಮೇಜಿನ ತಲೆಭಾಗದಲ್ಲಿ ಕೂತು ಎಲ್ಲರ ಜೊತೆ ಉಣ್ಣಬೇಕು. ಉಣ್ಣದಿದ್ದರೆ ಬಂದವರಿಗೆ ಬಾಗಿಲು ತೋರಿಸಿದಂತೆಯೇ.

ಬೆಳಿಗ್ಗೆ ಗಾನೆವ್ ಪಾಂತೆಲೇಯನ್ನು ಸಹಕಾರಿ ಸಂಘದ ಹಂದಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದ. ಮಿತಿಗಿಂತ ಸುಮಾರು ಎರಡು ಕಿಲೋ ಜಾಸ್ತಿ.

"ಅಕ್ಕಾ, ಕೈ ಮುಗೀತೀನಿ. ನಾಳೆ ಬೆಳಿಗ್ಗೆವರೆಗೂ ಒಂದು ತುತ್ತಿಲ್ಲ, ಒಂದು ಗುಟುಕು ನೀರಿಲ್ಲ" ಎಂದ.

"ಹೆಸರಿನ ಹಬ್ಬದ ದಿನ?"

"ಹೆಸರು ಸೋಲ್‌ಗೆ ಹೋಗ್ಬೇಕೋ, ಹೊಟ್ಟೆಯೊಳಗೆ ಉಳೀಬೇಕೋ? ನೀವೇ ಹೇಳಿ."

ಸುಡುವ ಬೇಸಿಗೆಯಲ್ಲಿ ಮಹಡಿಯ ಕೋಣೆಯ ಒಲೆ ಹೊತ್ತಿಸಿದರು. ಪಾಂತೆಲೇ ಎರಡು ಉಣ್ಣೆ ಸ್ವೆಟರ್ ಹಾಕಿಕೊಂಡು, ಮೇಲೆ ಅಪ್ಪನ ಹಳೆಯ ಕುರಿಗಾರರ ಕಂಬಳಿ ಹೊದ್ದು ಬೆವರಲು ಕೂತ. ಹೆಂಡತಿ ನೆವ್ಯಾನಾ ಒಲೆಗೆ ಕಟ್ಟಿಗೆ ಒಟ್ಟುತ್ತ, ಅವನು ನೀರಿನ ಹೂಜಿ ಕಡೆ ನೋಡಿದಾಗಲೆಲ್ಲ ಗದರುತ್ತ ಕಾವಲಿದ್ದಳು.

ದೋಬ್ರಾ ಮಾತ್ರ ಕೆಳಗೆ ಅಡುಗೆ ಮಾಡಿಯೇ ಮಾಡಿದಳು. ಕುರಿಮರಿ ಬೆಂದಿತು, ಗಿಣ್ಣು ತುಂಬಿದ ಬಾನಿತ್ಸ ರೊಟ್ಟಿ ಪದರಪದರವಾಗಿ ಉಬ್ಬಿತು, ಅನ್ನ ತುಂಬಿದ ದಪ್ಪ ಮೆಣಸಿನಕಾಯಿ ಹಂಡೆ ತುಂಬ ಕುದಿಯಿತು. ಊರವರು ಬರುತ್ತಾರಲ್ಲ, ಅವರು ತಿನ್ನಲಿ ಎಂಬುದು ಆಕೆಯ ಸಮಾಧಾನ.

ಬಂದರು. ಮೊದಲು ಪಕ್ಕದ ಮನೆಯ ರಾಲ್ಚೋ, ಹೆಂಡತಿಯ ಕೈಯ ಬಾನಿತ್ಸದ ತಟ್ಟೆ ಹಿಡಿದು. ಹಿಂದೆ ಗೇಟಿನ ಆಚೆವರೆಗೂ ಜನ, ಎಲ್ಲರ ಕೈಯಲ್ಲೂ ತಿಂಡಿಯೋ, ಹಣ್ಣಿನ ಸಾರಾಯಿ ರಕಿಯಾವೋ, ಏನಾದರೊಂದು.

"ಎಲ್ಲಿ ಅಮ್ಮಾ ನಮ್ಮ ಪೈಲ್ವಾನ? ಕರೀರಿ, ರಕಿಯಾ ಬಿಸಿಯಾಗ್ತಿದೆ!"

"ತೂಕ ಇದೆಯಪ್ಪಾ ನಾಳೆ. ಅವನು ಉಣ್ಣೋ ಹಾಗಿಲ್ಲ."

"ಉಣ್ಣೋದು ಬೇಡ ಬಿಡಿ. ನನ್ನ ಹೆಂಡ್ತಿ ಮಾಡಿದ್ದು ಒಂದೇ ಒಂದು ತುತ್ತು ತಿನ್ಲಿ. ಒಂದು ತುತ್ತು ಎಷ್ಟು ತೂಗುತ್ತೆ?"

"ರಾಲ್ಚೋದು ತಿಂದು ನಂದು ಬಿಟ್ರೆ ನಾನು ಸುಮ್ನಿರ್ತೀನಾ?" ಎಂದು ಹಿಂದಿನಿಂದ ಒಂದು ಮುದುಕಿ.

ದೋಬ್ರಾ ಗೇಟಿನ ಕಡೆ ನೋಡಿದಳು. ತಲೆಗೊಂದು ತುತ್ತೆಂದರೂ ಒಂದು ಕುರಿಯಾಗುತ್ತದೆ. ಮಗನೋ, ಊರಿನ ಮರ್ಯಾದೆಯೋ? ಆಗಲೇ ಜಗಲಿ ಹತ್ತಿದ್ದ ರಾಲ್ಚೋ, ಮಹಡಿಯ ಮೆಟ್ಟಿಲ ಮೇಲೆ ಕಾಲಿಟ್ಟು ಕೂಗು ಹಾಕಿದ: "ಲೋ ಪಾಂತೆಲೇ! ಇಳಿದು ಬಾರೋ! ಹಬ್ಬದ ದಿನ ಹೆಂಗಸರ ಹಾಗೆ ಅಡಗಿ ಕೂತಿದ್ದೀಯಲ್ಲೋ!"

ಮೇಲೆ ಕುರ್ಚಿ ಕಿರುಗುಟ್ಟಿತು. ದೋಬ್ರಾ ಮೆಟ್ಟಿಲ ಕಡೆ ತಿರುಗಿದಳು. ಅವನು ಇಳಿದು ಬಂದರೆ ತಿಂದೇ ತಿನ್ನುತ್ತಾನೆ. ಯಾರಿಗೂ ಇಲ್ಲ ಎಂದವನಲ್ಲ, ಅವಳೇ ಹಾಗೆ ಬೆಳೆಸಿದ್ದಳು.

ಆಕೆ ಒಳಗೆ ಓಡಿದಳು. ಹೊರಬಂದಾಗ ಹಬ್ಬದ ಹೂವಿನ ತಲೆವಸ್ತ್ರ ಹೋಗಿ ಕರಿಯದು ತಲೆಗೇರಿತ್ತು. ಕೈಯಲ್ಲಿ ಕುರಿಮರಿಯ ದೊಡ್ಡ ತಟ್ಟೆ.

"ಇವತ್ತು ಹೆಸರಿನ ಹಬ್ಬ ಇಲ್ಲ" ಎಂದಳು ಗಟ್ಟಿಯಾಗಿ. "ಇವತ್ತು ನನ್ನ ಗಂಡ ಸ್ತೋಯ್ಕೋನ ಹೆಸರಲ್ಲಿ ಕೊಡ್ತಿದ್ದೀನಿ. ಗೇಟಿನ ಹತ್ರ ಬನ್ನಿ, ಕೈ ಚಾಚಿ."

ಎತ್ತಿದ್ದ ರಕಿಯಾ ಬಾಟಲಿಗಳು ಕೆಳಗಿಳಿದವು. ಸತ್ತವರ ಹೆಸರಲ್ಲಿ ಕೊಟ್ಟದ್ದನ್ನು ಯಾರೂ ಬೇಡ ಅನ್ನುವಂತಿಲ್ಲ, ಕೂತು ಕುಡಿದು ಹಾಡುವಂತೆಯೂ ಇಲ್ಲ. ಇಸಿದುಕೊಂಡು, ದೇವರು ಕ್ಷಮಿಸಲಿ ಎಂದು ಹೇಳಿ ಮನೆಗೆ ಹೋಗಬೇಕು.

"ಅಮ್ಮಾ, ಸತ್ತವರಿಗೆ ಬೇಯಿಸೋ ಗೋಧಿ ಎಲ್ಲಿ? ಗೋಧಿ ಇಲ್ದೆ ಇದೆಂಥಾ ದಾನ?" ಎಂದು ರಾಲ್ಚೋನ ಹೆಂಡತಿ ಕೊಂಕು ತೆಗೆದಳು.

"ಗೋಧಿ ಅವನು ಜೀವಮಾನವೆಲ್ಲ ತಿಂದಿದ್ದಾನೆ ಕಣಮ್ಮಾ. ಮಾಂಸ ತಿಂದಿಲ್ಲ. ಅವನ ಪಾಲನ್ನೆಲ್ಲ ಮಹಡಿ ಮೇಲೆ ಕೂತಿರೋನು ತಿಂದ. ಒಂದು ದಿನವಾದ್ರೂ ಸ್ತೋಯ್ಕೋ ಹೊಟ್ಟೆ ತುಂಬ ಉಣ್ಲಿ" ಎಂದಳು ದೋಬ್ರಾ. ನೆಪವೆಂದು ಶುರುಮಾಡಿದ ಮಾತು ಬಾಯಿಂದ ಹೊರಬೀಳುವಷ್ಟರಲ್ಲಿ ನಿಜವೇ ಆಗಿಬಿಟ್ಟಿತ್ತು.

ರಾಲ್ಚೋ ಮೆಟ್ಟಿಲಿಂದ ಕಾಲು ತೆಗೆದು ಟೋಪಿ ಕಳಚಿದ. "ದೇವರು ಅವನನ್ನ ಕ್ಷಮಿಸಲಿ" ಎಂದು ಮೊದಲ ತುಂಡು ತೆಗೆದುಕೊಂಡವನೂ ಅವನೇ. ಸಂಜೆಯ ಹೊತ್ತಿಗೆ ಹಂಡೆಯ ತಳ ಕಾಣಿಸಿತು.

ಹೊತ್ತು ಮುಳುಗುವಾಗ ಪಾಂತೆಲೇ ಮೆಲ್ಲಗೆ ಕೆಳಗಿಳಿದ. ಕೆನ್ನೆ ಗುಳಿಬಿದ್ದಿತ್ತು, ತುಟಿ ಒಡೆದಿತ್ತು. ಚಪ್ಪರದ ಕೆಳಗಿನ ಖಾಲಿ ಮೇಜು ನೋಡಿ ಅವನ ಮುಖ ಇನ್ನಷ್ಟು ಸಣ್ಣಗಾಯಿತು.

"ಕೂಗಿದ್ದು ಕೇಳಿಸ್ತು, ನೆವ್ಯಾನಾ ಏಳೋಕೆ ಬಿಡ್ಲಿಲ್ಲ. ಆಮೇಲೆ ಒಂದು ಹಾಡೂ ಕೇಳಿಸ್ಲಿಲ್ಲ. ಯಾರೂ ಕೂರ್ಲಿಲ್ವಾ ಅಮ್ಮಾ? ಮುದುಕ ಪೈಲ್ವಾನ ಅಂತ ಊರೂ ಕೈಬಿಡ್ತಾ?"

"ಎಲ್ಲರೂ ಬಂದಿದ್ರು. ಕುರಿ, ಬಾನಿತ್ಸ, ಮೆಣಸಿನಕಾಯಿ ಎಲ್ಲ ಖಾಲಿ. ನಿನ್ನಪ್ಪನ ಹೆಸರಲ್ಲಿ ಕೊಟ್ಟುಬಿಟ್ಟೆ" ಎಂದಳು ದೋಬ್ರಾ. "ಅಷ್ಟು ವರ್ಷ ಅವನು ನಿನಗೋಸ್ಕರ ಅರೆಹೊಟ್ಟೆಯಲ್ಲಿ ಊಟದಿಂದ ಎದ್ದ. ಇವತ್ತು ನೀನು ಅವನಿಗೋಸ್ಕರ ಹಸಿದು ಏಳು."

ಅಷ್ಟು ದೊಡ್ಡ ಗಂಡಸು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಸಮಾಧಾನ ಮಾಡಲು ಆಕೆಯ ಕೈ ಅಭ್ಯಾಸಬಲದಿಂದ ರೊಟ್ಟಿಯ ಬುಟ್ಟಿಯತ್ತ ಹೋಯಿತು. ಅರ್ಧದಲ್ಲೇ ಹಿಂದಕ್ಕೆ ಬಂದು ಅವನ ಒದ್ದೆ ತಲೆಯ ಮೇಲೆ ಕೂತಿತು.

"ಅಳು ಮಗನೇ, ಚೆನ್ನಾಗಿ ಅಳು" ಎಂದಳು. "ಅದೂ ತೂಕಾನೇ."

ಮರುದಿನ ಪಟ್ಟಣದ ತಕ್ಕಡಿಯ ಮುಳ್ಳು ಗೆರೆಯ ಆಚೆ ಇಣುಕಿ, ಒಂದು ಕ್ಷಣ ತೂಗಾಡಿ, ಈಚೆಗೇ ನಿಂತಿತು. ಗಾನೆವ್, ಅದು ಹೇಗೆ ಇಳಿಸಿದೆಯಪ್ಪಾ ಎಂದು ಕೇಳಿದ.

ಪಾಂತೆಲೇ ಎರಡು ಕೈಯಲ್ಲೂ ನೀರಿನ ಹೂಜಿ ಹಿಡಿದುಕೊಂಡಿದ್ದ. "ಹುಟ್ಟಿದಾಗಿನಿಂದ ಇದೇ ಮೊದಲು ಗುರುಗಳೇ" ಎಂದ. "ನಿನ್ನೆ ಅಮ್ಮ ನನ್ನನ್ನ ಊಟಕ್ಕೆ ಕರೀಲಿಲ್ಲ."