ಫುಟ್‌ಬಾಲ್ ಮೈದಾನದ ಕೆಳಗಿನ ಕೆರೆ

ಕೆನಡಾದ ತಮ್ಮ ಊರು ಪಿಕರಿಂಗ್‌ಗೆ ಇತಿಹಾಸವೇ ಇಲ್ಲ ಎಂದು ಸ್ಪಂದನಾ ನಂಬಿದ್ದಳು. ಒಂದೇ ಅಚ್ಚಿನಲ್ಲಿ ಹೊಯ್ದಂಥ ಮನೆಗಳು, ಪ್ಲಾಜಾಗಳು, ಸರೋವರದ ದಂಡೆಯ ಅಣುಸ್ಥಾವರ, ಅಷ್ಟೇ. ಹಾಗಾಗಿ ವಿಕ್ಟೋರಿಯಾ ರಾಣಿಯ ಕಾಲದ ಸ್ಥಳೀಯ ಕಾರ್ಖಾನೆಗಳ ಬಗ್ಗೆ ಬರೆಯಿರಿ ಎಂದು ಏಳನೇ ಗ್ರೇಡಿನ ಟೀಚರು ಅವಳಿಗೂ ಗೆಳೆಯ ಯಶ್‌ಗೂ ಹೇಳಿದಾಗ, ಹೇಗೋ ಒಂದು ಪುಟ ತುಂಬಿದರೆ ಸಾಕು ಎಂದುಕೊಂಡಳು.

ಆ ಶುಕ್ರವಾರ ಇಡೀ ತರಗತಿ ಲೈಬ್ರರಿಯ ದಾಖಲೆ ಕೋಣೆಗೆ ಹೋಯಿತು. ರಜೆಯಲ್ಲಿದ್ದ ಸ್ಪಂದನಾಳ ತಾಯಿ ಸೌಮ್ಯಾ ಮಕ್ಕಳನ್ನು ಸಂಭಾಳಿಸಲು ಜೊತೆಗೆ ಬಂದಿದ್ದಳು. ದಾಖಲೆಗಳನ್ನು ನೋಡಿಕೊಳ್ಳುವ ಬೆಳ್ಳಿಗೂದಲಿನ ಹೆಂಗಸು ಮೇಜಿನ ಮೇಲೆ ದೊಡ್ಡ ನಕ್ಷೆಯೊಂದನ್ನು ಮೆಲ್ಲಗೆ ಬಿಡಿಸಿದಳು. ಬೆಂಕಿ ವಿಮೆಗಾಗಿ ಮಾಡಿಸಿದ ನಕ್ಷೆಯಂತೆ. ಮರದ ಕಟ್ಟಡಕ್ಕೆ ಹಳದಿ, ಇಟ್ಟಿಗೆಗೆ ಗುಲಾಬಿ, ಕಲ್ಲಿಗೆ ನೀಲಿ.

ಹಳ್ಳದ ಪಕ್ಕದಲ್ಲಿ ಒಂದು ದೊಡ್ಡ ನೀಲಿ ಚೌಕವಿತ್ತು.

"ಉಣ್ಣೆ ಮಿಲ್ಲು," ಎಂದಳು ಆಕೆ. "ಹಳ್ಳದ ಇನ್ನೊಂದು ಪಕ್ಕ ಕಾಣೋದು ಅದರ ಕೆರೆ. ಆ ನೀರಿನಿಂದಲೇ ಯಂತ್ರ ತಿರುಗುತ್ತಿತ್ತು."

ಆಮೇಲೆ ಒಂದು ಫೋಟೋ ತೋರಿಸಿದಳು. ಮಿಲ್ಲಿನ ಬಾಗಿಲಲ್ಲಿ ಕೆಲಸಗಾರರು ನಿಂತಿದ್ದರು; ಮುಂದಿನ ಸಾಲಿನಲ್ಲಿ ಸ್ಪಂದನಾಳ ವಯಸ್ಸಿನ ಹುಡುಗಿಯರು.

"ಇವರಿಗೆ ಸ್ಕೂಲ್ ಇರ್ಲಿಲ್ವಾ?" ಯಶ್ ಪಿಸುಗುಟ್ಟಿದ.

ಆ ಹುಡುಗಿಯರು ನಿಂತಿದ್ದು ಎಲ್ಲಿ ಎಂಬುದೊಂದೇ ಸ್ಪಂದನಾಳ ತಲೆಯಲ್ಲಿತ್ತು. ಈಗಿನ ಬೀದಿಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ಗೀಚಿ ನಕ್ಷೆಯ ಮೇಲಿಟ್ಟಳು. ರಸ್ತೆಯ ತಿರುವು ತಿರುವಿಗೆ ಕೂಡಿತು. ಕೆರೆ ಬಂದು ಕೂತದ್ದು ನೇರ ಅವರ ಶಾಲೆಯ ಫುಟ್‌ಬಾಲ್ ಮೈದಾನದ ಮೇಲೆ.

"ಅದಕ್ಕೇ ಅಲ್ಲಿ ಯಾವಾಗ್ಲೂ ಕೆಸರು," ಎಂದ ಯಶ್. ಇಬ್ಬರಿಗೂ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಶಾಲೆ ಬಿಟ್ಟದ್ದೇ ತಡ, ಇಬ್ಬರೂ ಸೌಮ್ಯಾಳ ಬೆನ್ನುಹತ್ತಿದರು.

"ಮಮ್ಮಿ, ಪ್ಲೀಸ್, ಕ್ರೀಕ್ ಹತ್ರ ಮಿಲ್ಲಿಂದು ಏನಾದ್ರೂ ಉಳಿದಿದ್ಯಾ ಅಂತ ಜಸ್ಟ್ ಒಮ್ಮೆ ನೋಡೋಣ."

"ಏನ್ ಹುಚ್ಚ ಹಿಡದೈತಿ ನಿಮಗ? ಕೆಸರಾಗ ಬೂಟ್ ಹಾಳಾಗ್ತಾವ," ಎಂದು ಬೈಯುತ್ತಲೇ ಸೌಮ್ಯಾ ಅವರ ಹಿಂದೆ ನಡೆದಳು.

ಹಳ್ಳದ ದಂಡೆಯಲ್ಲಿ ಪೊದೆ ಸರಿಸಿದರೆ ಎದುರಿಗೇ ಗೋಡೆ. ಯಶ್ ಓಡಿಹೋಗಿ ಮುಟ್ಟಿದ; ಅವನ ಮುಖ ಸಪ್ಪಗಾಯಿತು. ಅದು ಕಾಂಕ್ರೀಟು, ರಸ್ತೆಯ ಕೆಳಗಿನ ಮೋರಿ.

"ಹೋಗ್ಲಿ ಬಿಡ್ರಿ, ಅಷ್ಟ ವರ್ಷ ಯಾವ ಗ್ವಾಡಿ ಉಳೀತೈತಿ?" ಎಂದಳು ಸೌಮ್ಯಾ.

ಸ್ಪಂದನಾ ಫೋನಿನಲ್ಲಿ ತೆಗೆದಿದ್ದ ನಕ್ಷೆಯ ಚಿತ್ರವನ್ನು ಹಿಗ್ಗಿಸಿ ನೋಡಿದಳು. ನೀಲಿ ಚೌಕ ಇದ್ದದ್ದು ಹಳ್ಳದ ಆಚೆ ದಂಡೆಯಲ್ಲಿ. ಅವರು ಹುಡುಕುತ್ತಿದ್ದದ್ದು ಈಚೆ, ಶಾಲೆಯ ಕಡೆ. ಮರುಮಾತಿಲ್ಲದೆ ಕಾಲುಸೇತುವೆಯತ್ತ ಓಡಿದಳು.

ಆಚೆ ದಂಡೆಯ ಇಳಿಜಾರಿನಲ್ಲಿ ಕೊಳೆತ ಮೇಪಲ್ ಎಲೆಗಳು ದಪ್ಪಗೆ ಹಾಸಿದ್ದವು. ಒಂದು ಕಡೆ ಮಾತ್ರ ನೆಲ ಮೆಟ್ಟಿಲಿನಂತೆ ಉಬ್ಬಿತ್ತು. ಎಲೆ ಕೆದರಿದಳು. ಕಲ್ಲು. ಅದರ ಮಗ್ಗುಲಲ್ಲಿ ಇನ್ನೊಂದು, ಉಳಿಯ ಗುರುತಿದ್ದದ್ದು. ಯಶ್ ಕೋಲಿನಿಂದ, ಅವಳು ಬರಿಗೈಯಿಂದ ಕೆದರುತ್ತ ಹೋದಂತೆ ಕಲ್ಲುಗಳು ಸಾಲುಗಟ್ಟಿ ಎದ್ದವು.

ಸೌಮ್ಯಾ ದೂರ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಜಾಕೆಟ್ಟಿನ ತೋಳೇರಿಸಿ ಮಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. "ಸರಿ ಅತ್ಲಾಗ. ಈ ಬೇರು ನಾ ಹಿಡೀತೀನಿ, ನೀ ಮಣ್ಣ ತಗಿ."

ಬೇರು ಸರಿದಾಗ ಸಾಲು ಅಲ್ಲಿಗೇ ನಿಲ್ಲದೆ ನೇರ ಕೋನದಲ್ಲಿ ತಿರುಗಿತು. ಕಟ್ಟಡದ ಮೂಲೆ. ಬದಿಯ ಕಲ್ಲಿನಲ್ಲಿ ಒಂದು ದುಂಡನೆಯ ರಂಧ್ರ, ಅದರ ಸುತ್ತ ತುಕ್ಕಿನ ಕೆಂಪು. ಯಂತ್ರದ ಕಬ್ಬಿಣ ಸೇರಿದ್ದ ಜಾಗ ಇದೇ ಇರಬೇಕು. ಸ್ಪಂದನಾ ಅಂಗೈಯನ್ನು ತಣ್ಣನೆಯ ಕಲ್ಲಿನ ಮೇಲಿಟ್ಟು ತುಸುಹೊತ್ತು ಹಾಗೇ ಇದ್ದಳು.

ಮರುದಿನ, ಮಕ್ಕಳು ಕಳಿಸಿದ ಫೋಟೋ ನೋಡಿ, ಲೈಬ್ರರಿಯ ಬೆಳ್ಳಿಗೂದಲಿನ ಹೆಂಗಸು ಕ್ಯಾಮೆರಾ ಹೆಗಲಿಗೇರಿಸಿಕೊಂಡು ತಾನೇ ಬಂದಳು. ನಕ್ಷೆ ನೋಡಿದಳು, ಮೂಲೆ ನೋಡಿದಳು, ಮತ್ತೆ ನಕ್ಷೆ.

"ಮಿಲ್ಲು ಪೂರಾ ನೆಲಸಮ ಆಯಿತು ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ," ಎಂದು ನಕ್ಕಳು. "ಇನ್ನು ಹಾಗೆ ಹೇಳೋ ಹಾಗಿಲ್ಲ. ಇದನ್ನು ಕಂಡುಹಿಡಿದವರು ಯಾರು ಅಂತ ಬರೆದುಕೊಳ್ಳಲಿ?"

ಯಶ್ ತನ್ನ ಹೆಸರಿನ ಸ್ಪೆಲಿಂಗನ್ನು ಆಗಲೇ ಹೇಳತೊಡಗಿದ್ದ. ಸ್ಪಂದನಾ ಹಿಂತಿರುಗಿ ನೋಡಿದಳು. ಹೊಸ ರಬ್ಬರ್ ಬೂಟು ಹಾಕಿಕೊಂಡು ಬಂದಿದ್ದ ಸೌಮ್ಯಾ ಕೇಳಿಸದವಳಂತೆ ಎಲೆ ಗುಡಿಸುತ್ತಿದ್ದಳು.

"ನಾವು ಮೂರು ಜನ," ಎಂದಳು ಸ್ಪಂದನಾ.

ಸೌಮ್ಯಾ ತಲೆ ಎತ್ತಲಿಲ್ಲ. ಆದರೆ ನಗು ತಡೆಯಲು ಅವಳಿಂದ ಆಗಲಿಲ್ಲ.