ಕಾಲು ಊರದ ಕ್ಯಾಪ್ಟನ್

ರಾಮದುರ್ಗದ ಸೈಕಲ್ ಕ್ಲಬ್ಬಿನಲ್ಲಿ ಸಿದ್ಧಾರೂಢನಷ್ಟು ನಿಧಾನಕ್ಕೆ ತುಳಿಯುವವರು ಬೇರೆ ಯಾರೂ ಇರಲಿಲ್ಲ. ಇದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕ್ಲಬ್ಬು ಕಟ್ಟಿದ ದಿನವೇ, ಬೇರೆಯವರು ಬಾಯಿ ತೆರೆಯುವ ಮೊದಲು, ನಿಯಮ ಬರೆದುಬಿಟ್ಟಿದ್ದ: ಸವದತ್ತಿ ಗುಡ್ಡದ ಏರನ್ನು ನೆಲಕ್ಕೆ ಕಾಲು ಊರದೆ ಹತ್ತಿದವರೇ ಆ ವರ್ಷದ ಕ್ಯಾಪ್ಟನ್. ಇಬ್ಬರು ಹತ್ತಿದರೆ ವಯಸ್ಸಿನಲ್ಲಿ ಹಿರಿಯರು. ಬೇಗ ಹತ್ತಬೇಕೆಂದು ಎಲ್ಲೂ ಬರೆದಿರಲಿಲ್ಲ. ಹುಡುಗರು ಜೋರು ಮಾಡಿ ಅರ್ಧಕ್ಕೇ ದಮ್ಮು ಹತ್ತಿ ಇಳಿಯುತ್ತಿದ್ದರು. ಐವತ್ನಾಲ್ಕರ ಸಿದ್ಧಾರೂಢ ಕೆರೆಯಿಂದೆದ್ದ ಎಮ್ಮೆಯಂತೆ ಬಂದು ಎರಡು ವರ್ಷ ಕ್ಯಾಪ್ಟನ್ ಆಗಿದ್ದ. ಅವನ ಅರಿವೆ ಅಂಗಡಿಗೆ ಲುಂಗಿ ಕೊಳ್ಳಲು ಬಂದವರೂ ಮೊದಲು ಗುಡ್ಡದ ಕಥೆ ಕೇಳಬೇಕಿತ್ತು.

ಈ ಭಾನುವಾರ ಏರಿನಲ್ಲಿ ಉಳಿದವರು ಇಬ್ಬರೇ. ಅವನು, ಮತ್ತು ಅವನದೇ ಆಟ ಕಲಿತು ಹಿಂದೆ ನಿಧಾನವಾಗಿ ಬರುತ್ತಿದ್ದ ನರ್ಸ್ ಭಾವನಾ. ಇನ್ನೆರಡು ತಿರುವು ದಾಟಿದರೆ ಮೂರನೆಯ ವರ್ಷವೂ ಅವನದೇ.

ಆಗ ಎದುರಿಗೆ, ಗುಡ್ಡ ಇಳಿದು ನಡೆದು ಬರುತ್ತಿದ್ದ ಮನೋಳಿಯ ಬೀಗರು ಕಂಡರು. ಮಗಳು ನಾಗರತ್ನಾಳ ಮಾವ ಶಂಕರೆಪ್ಪ, ಅತ್ತೆ ತಂಗೆವ್ವ.

ದಾರಿಯಲ್ಲಿ ಹಿರಿಯರು ಎದುರಾದರೆ ಸೈಕಲ್ ಇಳಿಯಬೇಕು. ಇದನ್ನು ಅವನಪ್ಪ ಕಪಾಳಕ್ಕೆ ಕೊಟ್ಟು ಕಲಿಸಿದ್ದ. ಬೀಗರಿಗೆ ಸೀಟಿನ ಮೇಲಿಂದಲೇ ಗೋಣು ಹಾಕಿ ಹೋದರೆ ಸಂಜೆಯೊಳಗೆ ಮಗಳು ಅಡುಗೆಮನೆಯಲ್ಲಿ ಮಾತು ಕೇಳಬೇಕು. ಸಿದ್ಧಾರೂಢ ಮೂರು ಪೆಡಲ್ ತುಳಿಯುವಷ್ಟು ಹೊತ್ತು ಯೋಚಿಸಿದ. ಹೇಳಿಕೊಳ್ಳಲು ನಾಚಿಕೆ, ಮೊದಲೆರಡರಲ್ಲಿ ಕ್ಯಾಪ್ಟನ್‌ಗಿರಿಯೇ ಗೆದ್ದಿತ್ತು. ಮೂರನೆಯದಕ್ಕೆ ಇಳಿಯುವುದೇ ಸರಿ ಎನಿಸಿತು.

ಮನಸ್ಸು ಇಳಿಯಿತು, ಬೂಟು ಇಳಿಯಲಿಲ್ಲ. ಹೊಸ ಬೂಟು, ಪೆಡಲ್ಲನ್ನು ಕಚ್ಚಿ ಹಿಡಿಯುವಂಥದ್ದು. ಹಿಮ್ಮಡಿ ತಿರುವಿದರೆ ಮಾತ್ರ ಬಿಡುತ್ತದೆ. ಗಡಿಬಿಡಿಯಲ್ಲಿ ಅದು ನೆನಪಾಗದೆ, ಕೈ ಜೋಡಿಸಿಕೊಂಡೇ ಸೈಕಲ್ ಸಮೇತ ಶಂಕರೆಪ್ಪನ ಕಾಲ ಬುಡಕ್ಕೆ ಉರುಳಿದ.

"ಅಯ್ಯಯ್ಯ, ಬೀಗ್ರ! ಹೆಣ್ಣು ಕೊಟ್ಟೀರಂತ ಹಿಂಗ ಕಾಲಿಗೆ ಬೀಳೂದೇನ್ರಿ?" ಎಂದು ಶಂಕರೆಪ್ಪ ಹಿಂದೆ ಸರಿದ. ತಂಗೆವ್ವ ಸೆರಗು ಬಾಯಿಗಿಟ್ಟುಕೊಂಡಳು.

ಭಾವನಾ ತನ್ನ ಸೈಕಲ್ ಬಿಸಾಕಿ ಓಡಿ ಬಂದಳು. "ಕಾಕಾ, ಪೆಟ್ಟಾತೇನ್ರಿ?"

ಸೈಕಲ್ ತಳ್ಳಿಕೊಂಡು ಬಂದ ಕ್ಲಬ್ಬಿನವರಲ್ಲಿ ಗೌರೀಶ ಎಂಬವನು ಕೂಗಿದ: "ಭಾವನಾ ಇಳದಾಳ! ಕಾಕಾನ ಕಾಲು ಇನ್ನೂ ಪೆಡಲ್ ಮ್ಯಾಲ ಅದಾವ!"

ವಾದ ಎದ್ದಿತು. ಬೆನ್ನು, ಸೊಂಟ, ಮೊಣಕೈ ಎಲ್ಲವೂ ನೆಲ ಮುಟ್ಟಿದ್ದವು, ಆದರೆ ನಿಯಮದಲ್ಲಿ ಇದ್ದದ್ದು ಕಾಲು ಮಾತ್ರ. ಊರ ಜಗಳ ಬಗೆಹರಿಸಿ ರೂಢಿಯಿದ್ದ ಶಂಕರೆಪ್ಪ ಬಗ್ಗಿ ನೋಡಿ ತೀರ್ಪು ಕೊಟ್ಟ. "ಕಾಲು ಊರಿಲ್ಲ. ಏರಿನ್ಯಾಗ ಉಳದಾವ್ರು ಇವರೊಬ್ರ. ನಮ್ಮ ಬೀಗ್ರ ಕ್ಯಾಪ್ಟನ್."

ಸಿದ್ಧಾರೂಢನಿಗೆ ಖುಷಿಯೇ ಆಯಿತು. ಮಲಗಿದಲ್ಲಿಂದಲೇ ಕೈಯೆತ್ತಿ ಜನರ ಚಪ್ಪಾಳೆಯನ್ನೂ ಸ್ವೀಕರಿಸಿದ. ಆ ಕೈಯ ರಕ್ತವನ್ನು ಭಾವನಾ ತನ್ನ ಕರ್ಚೀಫಿನಿಂದ ಒರೆಸುತ್ತಿದ್ದಳು. ಬಿದ್ದಾಗ ಆಗದ ನಾಚಿಕೆ ಅವನಿಗೆ ಈಗ ಆಯಿತು.

ಹಿಮ್ಮಡಿ ತಿರುವಿ ಒಂದು ಕಾಲು ಬಿಡಿಸಿ, ಸಪ್ಪಳ ಬರುವಂತೆ ರಸ್ತೆಗೆ ಊರಿದ.

"ನೋಡ್ರಿ, ಊರೇನಿ. ಆಕಿ ಇಳದದ್ದು ನನ್ನ ಸಲುವಾಗಿ, ಅದನ್ನ ಹಿಡೀಬ್ಯಾಡ್ರಿ. ಹತ್ತವ್ವಾ ಭಾವನಾ, ಇನ್ನ ಎರಡು ತಿರುವು ಅದಾವ."

ಭಾವನಾ ಸೈಕಲ್ ಹತ್ತಿದಳು. ಅವಳು ಮೇಲಿನ ತಿರುವು ದಾಟುವ ತನಕ ಎಲ್ಲರೂ ಕೂಗಿ ಹುರುಪು ತುಂಬಿದರು. ಮಾಜಿ ಕ್ಯಾಪ್ಟನ್ ಸೈಕಲ್ಲಿನಡಿ ಬಿದ್ದಿರುವುದು ಯಾರಿಗೂ ನೆನಪಾಗಲಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅವನೇ.