ಇಪ್ಪತ್ನಾಲ್ಕು ಗುಂಡುಗಳು

ಗೋಡೆಗೆ ಮೊಳೆ ಹೊಡೆಯುವಾಗಲೂ ಸ್ಕೇಲ್ ಹಿಡಿಯುವ ಆಸಾಮಿ ಅವನು. ಅದಕ್ಕೇ ಜನ ಅವನಿಗೆ ‘ಕೂದಲೆಳೆ ಮೇಸ್ತ್ರಿ’ ಎಂದು ಹೆಸರಿಟ್ಟಿದ್ದರು. ಕರೆಯುವವರಿಗೆ ಅದು ತಮಾಷೆ, ಅವನಿಗೆ ಒಳಗೊಳಗೇ ಹೆಮ್ಮೆ.

ಆ ಬೆಳಿಗ್ಗೆ ಅವನ ‘ಬಗ್ಗಿ’ ಎಂಬ ಮರಳಗಾಡಿ ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಸಮುದ್ರ ಹಿಂದೆ ಸರಿದಾಗ ತೆರೆದುಕೊಳ್ಳುವ ಮರಳಿನ ಮೇಲೆ ಓಡಬಲ್ಲ ಗಾಡಿ ಆ ದಡದಲ್ಲಿ ಅದೊಂದೇ. ಬೇರೆ ಯಾವುದನ್ನು ಇಳಿಸಿದರೂ ಹತ್ತು ಮಾರು ಹೋಗುವಷ್ಟರಲ್ಲಿ ಹೂತುಕೊಳ್ಳುತ್ತಿತ್ತು. ಒಂದು ವಾರದಿಂದ ಅದರ ಹಿಂದಿನ ಚಕ್ರಗಳ ಕಡೆಯಿಂದ ಟಕ್ ಟಕ್ ಎಂದು ಸದ್ದು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟ್ ಎರಡು, ಒಂದೊಂದರ ಎರಡು ತುದಿಗೂ ಸಿವಿ ಜಾಯಿಂಟ್ ಎಂಬ ಕೀಲು, ಒಂದೊಂದು ಜಾಯಿಂಟಿನ ಹೊಟ್ಟೆಯಲ್ಲಿ ಆರಾರು ಉಕ್ಕಿನ ಗುಂಡು. ಎಲ್ಲವನ್ನೂ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿ ಕೂರಿಸಬೇಕಿತ್ತು. “ನೀನು ರಿಪೇರಿ ಮಾಡ್ಕೋ, ನಾವು ನಡ್ಕೊಂಡೇ ಹೋಗ್ತೀವಿ” ಎಂದು ಅಕ್ಕ, ಭಾವ ಇಬ್ಬರೂ ಬೆಳಕು ಹರಿಯುತ್ತಲೇ, ಇಳಿತದಲ್ಲಿ ಒಣಗುವ ಕಾಲುವೆ ದಾಟಿ, ಆಚೆಯ ಮರಳದಿಬ್ಬಕ್ಕೆ ಚಿಪ್ಪು ಆರಿಸಲು ಹೋಗಿದ್ದರು.

ಎಂಟು ಗಂಟೆಗೆ, ಎಲ್ಲ ಬಿಚ್ಚಿ ಮುಗಿಯುವಷ್ಟರಲ್ಲಿ, ಭಾವನ ಫೋನ್ ಬಂತು.

“ನಿಮ್ಮಕ್ಕ ಬಂಡೆ ಸಂದೀಲಿ ಕಾಲು ಸಿಗಿಸ್ಕೊಂಡು ಬಿದ್ಲು ಕಣಯ್ಯಾ. ಮೂಳೆ ಮುರಿದಿದೆ. ಇಷ್ಟು ದೂರ ಹೊತ್ಕೊಂಡು ಬರೋಕೆ ನನ್ನ ಕೈಲಾಗಲ್ಲ. ಹತ್ತಕ್ಕೆ ಕಾಲುವೆ ತುಂಬೋಕೆ ಶುರುವಾಗುತ್ತೆ. ಹೆಂಗಾದ್ರೂ ಮಾಡಿ ಒಂಬತ್ತೂವರೆಗೆ ಬಗ್ಗಿ ತಂದ್ಬಿಡು.”

“ಬಂದೆ ಭಾವ, ಬಂದೇಬಿಟ್ಟೆ” ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಸಿಗಲಿಲ್ಲ. ಹೆಂಡತಿ ರಕ್ಷಣಾ ದೋಣಿಯವರಿಗೆ ಫೋನ್ ಮಾಡಿದಳು. ದೋಣಿ ದೂರದ ಬಂದರಿನಲ್ಲಿದೆ, ಬರಲು ಮೂರು ಗಂಟೆ ಬೇಕು ಎಂದರು.

ಅವನಿಗೊಂದು ಪದ್ಧತಿ ಇತ್ತು. ನಾಲ್ಕು ಜಾಯಿಂಟಿಗೆ ನಾಲ್ಕು ಬಿಸ್ಕತ್ ಡಬ್ಬಿ. ಒಂದರ ಗುಂಡು ಇನ್ನೊಂದಕ್ಕೆ ಸೇರಬಾರದು, ಒಟ್ಟಿಗೆ ಸವೆದದ್ದು ಒಟ್ಟಿಗೇ ಇರಬೇಕು. ಬೆರೆಸಿದವರಿಗೆ ಅವನು ಬಾಯಿಗೆ ಬಂದಂತೆ ಬೈದದ್ದುಂಟು. ಅಂಥವನು, ಬೇಗ ಆಗಲಿ ಎಂಬ ಗಾಬರಿಯಲ್ಲಿ, ನಾಲ್ಕೂ ಡಬ್ಬಿಯನ್ನು ಒಂದೇ ಸೀಮೆಎಣ್ಣೆ ತೊಟ್ಟಿಗೆ ಸುರಿದುಬಿಟ್ಟ. ಸುರಿದ ಮೇಲಷ್ಟೇ ತಪ್ಪು ಹೊಳೆಯಿತು. ಗುಂಡುಗಳನ್ನು ಹಿಡಿಯುವ ರಿಂಗುಗಳಿಗೆಲ್ಲ ಗುರುತು ಕೊರೆದಿದ್ದ. ಗುಂಡಿಗೆ ಯಾರು ಗುರುತು ಕೊರೆಯುತ್ತಾರೆ? ಇಪ್ಪತ್ನಾಲ್ಕೂ ತಳದಲ್ಲಿ ಒಂದೇ ತರಹ ಹೊಳೆಯುತ್ತಿದ್ದವು.

ಅವನು ಮೈಕ್ರೋಮೀಟರ್ ಕೈಗೆತ್ತಿಕೊಂಡ.

“ಇದೇನ್ರೀ, ಅಳೆಯೋಕೆ ಕೂತ್ರಿ?” ಹೆಂಡತಿ ಹೌಹಾರಿದಳು.

“ಬೆರೆತುಹೋಗಿದೆ ಕಣೇ. ಸೈಜ್ ನೋಡಿ ಬೇರೆ ಮಾಡ್ಬೇಕು.”

“ಹಂಗೇ ಹಾಕಿದ್ರೆ ಏನಾಗುತ್ತೆ?”

“ಸದ್ದು ಬರುತ್ತೆ. ಬೇಗ ಸವೆಯುತ್ತೆ.”

“ಎಷ್ಟು ಬೇಗ? ಇವತ್ತೇನಾ?”

“ಇವತ್ತಲ್ಲ. ಆರು ತಿಂಗಳಿಗೋ, ವರ್ಷಕ್ಕೋ. ಆದ್ರೆ ಎಲ್ಲೋ ಒಂದು ಗುಂಡು ಬಿಗಿಯಾಗಿ ನಡುಮರಳಲ್ಲಿ ಗಾಡಿ ನಿಂತ್ರೆ?”

“ನಿಲ್ಲುತ್ತಾ? ನನ್ನ ಮುಖ ನೋಡಿ ಹೇಳ್ರಿ, ನಿಲ್ಲುತ್ತಾ?”

ಅವನು ಮುಖ ನೋಡಲಿಲ್ಲ. ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಕೇಳಲಿಲ್ಲ. ಅಕ್ಕನ ಜೀವದ ಭಯ ಒಂದು ಕಡೆ, ಇಪ್ಪತ್ತೆಂಟು ವರ್ಷದ ಅಭ್ಯಾಸ ಒಂದು ಕಡೆ. ಭಯ ಹೆಚ್ಚಿದಷ್ಟೂ ಅವನು ಅಭ್ಯಾಸವನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಒಂದೊಂದೇ ಗುಂಡನ್ನು ಒರೆಸಿದ, ಅಳೆದ, ಬಟ್ಟೆಯ ಮೇಲೆ ಸಾಲಾಗಿಟ್ಟ. ನಡುವೆ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಅಳೆದ. ಹೆಂಡತಿ ಬೈದಳು, ಅಂಗಲಾಚಿದಳು. ಕೊನೆಗೆ ಅಳುತ್ತಲೇ ಜಾಯಿಂಟ್ ಮುಚ್ಚುವ ರಬ್ಬರ್ ಬೂಟುಗಳೊಳಗೆ ಗ್ರೀಸ್ ತುಂಬತೊಡಗಿದಳು. ನಾಲ್ಕು ಸಾಲು ಆಗುವ ಹೊತ್ತಿಗೆ ಒಂಬತ್ತು ದಾಟಿತ್ತು.

ಆಮೇಲೆ ಅವನ ಕೈ ಓಡಿದ್ದೇ ಓಡಿದ್ದು. ರಿಂಗು, ಗುಂಡು ಕೂರುವ ಪಂಜರ, ಗುಂಡು. ಕೊನೆಯ ಜಾಯಿಂಟಿನ ಒಳರಿಂಗು ತಿರುವುಮುರುವಾಗಿ ಕೂತು ಅಲುಗಾಡಲೇ ಇಲ್ಲ. ಬಿಚ್ಚಿ ಮತ್ತೆ ಹಾಕಿದ. ಬೋಲ್ಟಿನ ತಿರುಪಿಗೆ ಗ್ರೀಸ್ ಹತ್ತಿದರೆ ಓಡುತ್ತಾ ಸಡಿಲವಾಗುತ್ತದೆಂದು ಒಂದೊಂದನ್ನೂ ಒರೆಸಿಯೇ ಬಿಗಿದ. ಚಕ್ರ ಹಾಕಿ, ದಿಮ್ಮಿ ಎಳೆದು, ಗಾಡಿ ಹೊರಗೆ ತಂದಾಗ ಹತ್ತೂ ಇಪ್ಪತ್ತು.

ಕಾಲುವೆಯಲ್ಲಿ ಆಗಲೇ ನೀರು ರಭಸದಿಂದ ಹರಿಯುತ್ತಿತ್ತು. ಅಲ್ಲಿ ಬಗ್ಗಿ ಇಳಿಸುವ ಮಾತೇ ಇಲ್ಲ. ಅವನು ಕಾಲುವೆ ಶುರುವಾಗುವ ಕಡೆಯನ್ನು ಸುತ್ತಿಕೊಂಡು, ಎತ್ತರದ ಮರಳಿನ ಮೇಲೆ, ನಡೆದವರಿಗೆ ತೀರಾ ದೂರವಾಗುವ ದಾರಿ ಹಿಡಿದ. ಎಂಜಿನ್ ಅರಚುತ್ತಿತ್ತು, ಆದರೆ ಹಿಂದಿನ ಚಕ್ರಗಳಿಂದ ಒಂದು ಚೂರೂ ಸದ್ದಿಲ್ಲ. ಅಂಥ ಹೊತ್ತಿನಲ್ಲೂ, ಒಂದೇ ಒಂದು ಗಳಿಗೆ, ಅವನಿಗೆ ತನ್ನ ಕೆಲಸದ ಬಗ್ಗೆ ಖುಷಿಯಾಯಿತು. ಮನುಷ್ಯನ ಬುದ್ಧಿಗೆ ಏನು ಹೇಳುವುದು!

ದಿಬ್ಬದ ತುದಿಯ ಬಂಡೆಯ ಮೇಲೆ ಅಕ್ಕ ಕೂತಿದ್ದಳು. ನೀರು ಬಂಡೆಯ ಬುಡವನ್ನು ಸುತ್ತುವರಿದಿತ್ತು. ಮುರಿದ ಕಾಲಿಗೆ ಭಾವನ ಅಂಗಿ ಸುತ್ತಿತ್ತು.

“ಬಂದ್ಯಾ ನನ್ನಪ್ಪಾ!” ಅವಳು ಎರಡೂ ಕೈ ಚಾಚಿ ಅತ್ತಳು. ಅವನು ಮೊಣಕಾಲುದ್ದ ನೀರಿಗಿಳಿದು ಅವಳನ್ನು ಎತ್ತಿ ತಂದು ಸೀಟಿನಲ್ಲಿ ಕೂರಿಸಿದ. ಅತ್ತಿತ್ತ ನೋಡಿದ.

“ಭಾವ ಎಲ್ಲಿ?”

“ನಿನ್ನ ಜೊತೆ ಬರ್ಲಿಲ್ವಾ?”

“ಇಲ್ವಲ್ಲಕ್ಕಾ.”

“ಹತ್ತಕ್ಕೆ ಹತ್ತು ನಿಮಿಷ ಇರೋತನಕ ಕಾದ್ರು ಕಣೋ. ಗಾಡಿ ಏನಾಯ್ತೋ ಏನೋ, ಅವನೊಬ್ಬನ ಕೈಲಿ ಆಗ್ತಿಲ್ವೇನೋ, ನೀರು ಬರೋಕೆ ಮುಂಚೆ ದಾಟಿ ನಾನೂ ಕೈ ಹಾಕ್ತೀನಿ ಅಂತ ಓಡಿದ್ರು. ಕಾಲುವೆ ದಾರೀಲೇ ಹೋದ್ರು. ಎದುರಿಗೆ ಸಿಗ್ಲಿಲ್ವಾ?”

ದಾಟಿದ್ದರೆ ದಡದ ಮರಳಿನಲ್ಲಿ ಎದುರಾಗಲೇಬೇಕಿತ್ತು. ಅವನು ಬಗ್ಗಿಯನ್ನು ಕಾಲುವೆಯ ಕಡೆಗೆ ನುಗ್ಗಿಸಿದ. ನೀರು ಚಕ್ರದ ನಡುವಿಗೆ ಬಂದಾಗ ನಿಲ್ಲಿಸಿ, ಸೀಟಿನ ಮೇಲೆ ನಿಂತು, ಗಂಟಲು ಹರಿಯುವ ಹಾಗೆ ಭಾವಾ, ಭಾವಾ ಎಂದು ಕೂಗಿದ. ಅಕ್ಕನೂ ಕೂಗಿದಳು. ದಡದವರೆಗೂ ಕಂದು ನೀರು ಬಿಟ್ಟರೆ ಇನ್ನೇನೂ ಕಾಣಲಿಲ್ಲ.

ಅಕ್ಕ ಅವನ ಗ್ರೀಸಾದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಗಾಡಿ ಅಷ್ಟೊಂದು ಕೆಟ್ಟಿತ್ತೇನೋ?”

ಹೌದು ಎಂದುಬಿಡಬಹುದಿತ್ತು.

“ಇಲ್ಲಕ್ಕಾ” ಎಂದ. “ಒಂಬತ್ತೂಕಾಲಿಗೇ ಹೊರಡಬಹುದಿತ್ತು.”